ಗೋಡೆಯಾಚೆಯ ಏಟು

ಮೊದಲ ಏಟು ಕೇಳಿದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರೂ ಮುಕ್ಕಾಲಿಗೆ. ನಾನು ಮೇಜಿನ ಮುಂದೆ ಪೆನ್ನಿನ ಕ್ಯಾಪ್ ಕಚ್ಚುತ್ತ ಕೂತಿದ್ದೆ. ಪಕ್ಕದ ಮನೆಯಲ್ಲಿ ಏನೋ ಧಡ್ ಎಂದು ಗೋಡೆಗೆ ಬಡಿಯಿತು. ನನ್ನ ನೀರಿನ ಲೋಟ ಅಲುಗಾಡಿತು. ಕಪಾಟು ಬಿತ್ತೇನೋ ಅಂದುಕೊಂಡೆ. ಅಷ್ಟರಲ್ಲಿ ಹೆಣ್ಣಿನ ದನಿ ಕೇಳಿಸಿತು.

"ತಲೆಗೆ ಬೇಡ! ಗೋಡೆಗೆ ತಲೆ ಬಡೀಬೇಡಿ!"

ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ಬಡಿಯಬೇಕಿತ್ತು. ನಾನು ಕ್ಯಾಪನ್ನು ಉಗಿದು ಆ ಮಾತನ್ನು ಬರೆದುಕೊಂಡೆ.

ಬೈಯುವವರು ಈಗಲೇ ಬೈದುಬಿಡಿ, ನನಗೇನೂ ಬೇಜಾರಿಲ್ಲ. ಮುಂದೆ ಇನ್ನೂ ಬೈಯಬೇಕಾದ್ದು ಇದೆ.

ನನ್ನ ಹೆಸರು ಕೃಷ್ಣಮೂರ್ತಿ. ಮುಂಬಯಿಯ ಕನ್ನಡದವರಿಗೆಲ್ಲ ಕಿಟ್ಟು, ಕಿಟ್ಟಣ್ಣ. ಹುಟ್ಟಿದ್ದು ಮೈಸೂರಿನಲ್ಲಿ, ಸವೆದದ್ದು ಇಲ್ಲಿ. ಮೂವತ್ತೈದು ವರ್ಷ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಅದರ ಜೊತೆಗೆ ನಮ್ಮ ಕಲಾವೃಂದಕ್ಕೆ ಒಂಬತ್ತು ನಾಟಕ ಬರೆದುಕೊಟ್ಟೆ. ಜನ ನನ್ನ ಸಂಭಾಷಣೆಯನ್ನು ಮೆಚ್ಚುತ್ತಿದ್ದರು. "ನಮ್ಮನೇಲಿ ಮಾತಾಡಿದ ಹಾಗೇ ಇದೆ ಮಾರಾಯ್ರೆ" ಅನ್ನುತ್ತಿದ್ದರು. ಇರದೆ ಏನು? ಅವರ ಮನೆಯಲ್ಲೇ ಕೇಳಿ ಕದ್ದದ್ದು. ನನಗೆ ಕಲ್ಪನೆ ಅನ್ನುವುದು ಚಮಚದಷ್ಟೂ ಇಲ್ಲ. ಇರುವುದು ಎರಡು ಕಿವಿ. ಮಲಾಡಿನಿಂದ ಚರ್ಚ್‌ಗೇಟಿಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗುವಾಗ, ಆಫೀಸಿನ ಕ್ಯಾಂಟೀನಿನಲ್ಲಿ, ಕ್ಲೇಮಿಗೆ ಬಂದ ವಿಧವೆಯರು ಕೌಂಟರಿನ ಮುಂದೆ ಅತ್ತುಕೊಂಡು ಮಾತಾಡುವಾಗ ಕೇಳಿದ್ದನ್ನೆಲ್ಲ ಹೆಕ್ಕಿ ತಂದು ಬರೆಯುತ್ತಿದ್ದೆ.

ರಿಟೈರ್ ಆದೆ, ಕಿವಿ ಒಣಗಿತು. ಲೋಕಲ್ ಇಲ್ಲ, ಕ್ಯಾಂಟೀನ್ ಇಲ್ಲ. ಮಲಾಡ್ ಪೂರ್ವದ ಈ ಬಿಲ್ಡಿಂಗಿನ ನಾಲ್ಕನೆಯ ಮಹಡಿಯಲ್ಲಿ ಫ್ಯಾನಿನ ಸದ್ದು ಕೇಳುತ್ತ ಮೂರು ವರ್ಷ ಕೂತೆ. ಒಂದು ಸಾಲು, ದೇವರಾಣೆ ಒಂದೇ ಒಂದು ಸಾಲು ಬರಲಿಲ್ಲ. ಹೆಂಡತಿ ಸರಸ್ವತಿ ವಿಲೆ ಪಾರ್ಲೆಯ ಒಂದು ಬಾಲವಾಡಿಯಲ್ಲಿ ಟೀಚರ್, ಸಂಜೆ ಆರೂವರೆಗೆ ಬರುತ್ತಾಳೆ. ಅವಳು ಬರುವ ಹೊತ್ತಿಗೆ ನಾನು ಹರಿದ ಕಾಗದಗಳ ನಡುವೆ ಹುಚ್ಚನ ಹಾಗೆ ಕೂತಿರುತ್ತಿದ್ದೆ. ಒಂದು ದಿನ ಮಿಕ್ಸಿಯ ಜಾರನ್ನು ನೆಲಕ್ಕೆ ಅಪ್ಪಳಿಸಿದೆ. ಇನ್ನೊಂದು ದಿನ ಕನ್ನಡಿಗೆ ಗುದ್ದಿ ಗೆಣ್ಣು ಕುಯ್ದುಕೊಂಡೆ.

"ಬರೆಯೋಕೆ ಬರ್ಲಿಲ್ಲ ಅಂದ್ರೆ ಬಿಟ್ಬಿಡಿ ರೀ. ಇರೋ ನಾಲ್ಕು ಸಾಮಾನು ಯಾಕೆ ಒಡೀತೀರ?" ಎಂದು ಸರಸು ರಕ್ತ ಒರೆಸುತ್ತ ಗದರಿದ್ದಳು.

ಬಿಟ್ಟುಬಿಡಬೇಕಂತೆ! ಉಸಿರಾಡೋದು ಬಿಡು ಅಂದ ಹಾಗೆ.

ಆ ಮಂಗಳವಾರ ನಾನು ನಾಲ್ಕು ಪುಟ ಬರೆದೆ.

ಪಕ್ಕದ ಮನೆಯವನು ತಿಲಕ್. ಉಡುಪಿ ಕಡೆಯವನು, ಮೂವತ್ತೈದರ ಆಸುಪಾಸು. ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಮ್ಮ ಕಲಾವೃಂದದ ನಾಟಕಗಳಲ್ಲಿ ರಾಜ, ಖಳನಾಯಕ ಅಂದರೆ ಅವನೇ. ಕಂಚಿನ ಕಂಠ, ಒಳ್ಳೆಯ ಎತ್ತರ. ಎದುರು ಸಿಕ್ಕರೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಹೆಂಡತಿ ಲಾವಣ್ಯಾಳನ್ನು ಕಟ್ಟಿಕೊಂಡು ಬಂದು ಎರಡು ವರ್ಷವಾಗಿತ್ತು. ಆ ಹುಡುಗಿ ಲಿಫ್ಟಿನಲ್ಲಿ ಸಿಕ್ಕರೆ ಸಣ್ಣಗೆ ನಕ್ಕು ತಲೆ ತಗ್ಗಿಸುತ್ತಿದ್ದಳು. ಹೋಟೆಲಿನವರಿಗೆ ಮಧ್ಯಾಹ್ನದ ಊಟ ಮುಗಿದ ಮೇಲೆ ಮೂರರಿಂದ ಆರು ಬಿಡುವು. ಆ ಬಿಡುವಿನಲ್ಲಿ ತಿಲಕ್ ಮನೆಗೆ ಬಂದು ಊಟ ಮಾಡಿ, ಟೀವಿ ಜೋರು ಮಾಡಿ ಹೆಂಡತಿಯನ್ನು ಬಡಿಯುತ್ತಿದ್ದ. ಆಮೇಲೆ ಮುಖ ತೊಳೆದು, ಶರ್ಟು ಬದಲಿಸಿ, ಹೋಟೆಲಿಗೆ ಹೋಗಿ ಗಿರಾಕಿಗಳಿಗೆ ನಮಸ್ಕಾರ ಮಾಡುತ್ತಿದ್ದ.

ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ. ನಾನು ಮೂರೂವರೆಗೆ ಚಹಾ ಮಾಡಿ ಇಟ್ಟುಕೊಂಡು, ಕುರ್ಚಿಯನ್ನು ಗೋಡೆಗೆ ತಾಗಿಸಿ, ನೋಟ್‌ಬುಕ್ ತೆರೆದು ಕೂರತೊಡಗಿದೆ. ಮೂವತ್ತೈದು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ನನ್ನ ನೋಟ್‌ಬುಕ್ ಕ್ಲೇಮ್ ರಿಜಿಸ್ಟರಿನ ಹಾಗೇ ಇರುತ್ತದೆ. ಗೆರೆ ಎಳೆದು ನಾಲ್ಕು ಕಾಲಂ: ತಾರೀಖು, ವೇಳೆ, ಹಾನಿಯ ಕಾರಣ, ಹಾನಿಯ ವಿವರ. ಕೆಳಗೆ ಕಿವಿಗೆ ಬಿದ್ದ ಮಾತು. ಒಂದು ಕಾಲಂ ಖಾಲಿ ಬಿಟ್ಟರೂ ನನಗೆ ತಡೆಯುವುದಿಲ್ಲ.

ಹಾನಿಯ ಕಾರಣ: ಮೀನು ಸಾರಿಗೆ ಹುಳಿ ಹೆಚ್ಚಾಯಿತು. ಹಾನಿಯ ವಿವರ: ಕೆನ್ನೆಗೆ ಆರು ಏಟು, ಕೂದಲು ಹಿಡಿದು ಎಳೆತ.

ಹಾನಿಯ ಕಾರಣ: ತಾಯಿಗೆ ಫೋನ್ ಮಾಡಿದ್ದು. ಹಾನಿಯ ವಿವರ: ಬೆಲ್ಟು. ಎಣಿಕೆ ತಪ್ಪಿತು.

ತಿಲಕ್ ಬೈಯುತ್ತಿದ್ದುದು ತುಳುವಿನಲ್ಲಿ. ತುಳು ನನಗೆ ಅರ್ಧ ತಿಳಿಯುತ್ತದೆ, ಅರ್ಧ ಹಾರಿಹೋಗುತ್ತದೆ. ಆದರೆ ಲಾವಣ್ಯಾ ಕೂಗುತ್ತಿದ್ದುದು ಕನ್ನಡದಲ್ಲಿ, ಬಿಡಿಸಿ ಬಿಡಿಸಿ. "ಬೆಲ್ಟು ಬೇಡ, ಬೆಲ್ಟು ಕೆಳಗಿಡಿ!" "ಕಾಲ ಮೇಲೆ ಬಿಸಿ ನೀರು ಹಾಕ್ಬೇಡಿ!" "ನನ್ನ ಫೋನ್ ಅಕ್ಕಿ ಡಬ್ಬಕ್ಕೆ ಹಾಕ್ಬೇಡಿ!" "ಡಬ್ಬದ ಮೇಲೆ ಕೂತು ಬೂಟು ಬಿಚ್ಬೇಡಿ!" ಹೌದು, ಹೊಡೆಯುವ ಮೊದಲು ಅವನು ಅವಳ ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು ಮುಚ್ಚಳ ಹಾಕಿ, ಅದರ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಎಂಥ ವಿವರ! ಯಾವ ನಾಟಕಕಾರನಿಗೆ ಹೊಳೆದೀತು? ಹುಡುಗಿ ಸಂಭಾಷಣೆಯ ಜೊತೆ ರಂಗಸೂಚನೆಯನ್ನೂ ಕೊಡುತ್ತಿದ್ದಾಳೆ, ಅನುವಾದದ ಕಷ್ಟವೂ ತಪ್ಪಿತು ಎಂದು ನಾನು ಕೈ ಉಜ್ಜಿಕೊಂಡೆ. ಹೊಡೆಯುವವನ ಭಾಷೆ ಬಿಟ್ಟು ಅವಳು ಕನ್ನಡದಲ್ಲಿ ಯಾಕೆ ಅಳುತ್ತಾಳೆ ಅಂತ ಒಂದು ದಿನವೂ ಯೋಚಿಸಲಿಲ್ಲ.

ಒಂದು ಸಂಜೆ ಸರಸು ಕೈಚೀಲ ಇಳಿಸುತ್ತ ಕೇಳಿದಳು. "ರೀ, ಪಕ್ಕದ ಮನೆ ಲಾವಣ್ಯಾ ತೋಳು ನೋಡಿದ್ರಾ? ನೀಲಿಗಟ್ಟಿದೆ. ಏನಾಯ್ತಮ್ಮ ಅಂದ್ರೆ ಸುಮ್ನೆ ನಗ್ತಾಳೆ. ನಿಮ್ಗೇನಾದ್ರೂ ಸದ್ದು ಕೇಳ್ಸುತ್ತಾ ಮಧ್ಯಾಹ್ನ?"

"ಇಲ್ಲಪ್ಪ. ಎಲ್ಲೋ ಬಿದ್ದಿರ್ಬೇಕು."

"ನಾಳೆ ಅವಳ್ನ ಕೂರಿಸ್ಕೊಂಡು ಕೇಳ್ಲಾ?"

"ಸುಮ್ನಿರೇ ಮಹಾತಾಯಿ. ಗಂಡ ಹೆಂಡ್ತಿ ಮಧ್ಯೆ ನೀನ್ಯಾಕೆ ಮೂಗು ತೂರಿಸ್ತೀಯ?" ಎಂದು ಗದರಿದೆ. ಆಗ ನಾಟಕದ ಮೊದಲ ಅಂಕ ಮುಗಿದಿತ್ತು. ಬಾವಿ ಬತ್ತಿದರೆ ನಾನು ಎಲ್ಲಿಗೆ ಹೋಗಲಿ?

ಆದರೆ ಬಾವಿ ತಾನಾಗಿಯೇ ಬತ್ತಿತು. ಎರಡನೆಯ ಅಂಕದ ಕೊನೆಯಲ್ಲಿ ಗಂಡ ಹೆಂಡತಿಯನ್ನು ಸಾಯುವ ಹಾಗೆ ಬಡಿಯುವ ದೃಶ್ಯ ಬೇಕಿತ್ತು, ಸರಿಯಾಗಿ ಅಲ್ಲಿಗೇ ಗೋಡೆಯಾಚೆ ಎಲ್ಲ ತಣ್ಣಗಾಯಿತು. ಒಂದು ದಿನ, ಎರಡು ದಿನ, ಒಂಬತ್ತು ದಿನ. ತಿಲಕ್ ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಒಂದು ದಿನ ಇಬ್ಬರೂ ನಕ್ಕ ಸದ್ದು ಕೂಡ ಕೇಳಿತು. ಹೇಳಿದರೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ನಗು ಕೇಳಿ ನನಗೆ ಮೈಯೆಲ್ಲ ಉರಿಯಿತು. ಖಾಲಿ ಹಾಳೆಯ ಮೇಲೆ ಪೆನ್ನನ್ನು ಚುಚ್ಚಿ ಚುಚ್ಚಿ ನಿಬ್ಬು ಮುರಿದೆ. ಕಲಾವೃಂದದ ನಿರ್ದೇಶಕ ಗುರುಪಾದ ದಿನಾ ಫೋನ್ ಮಾಡುತ್ತಿದ್ದ. ವಿಜಾಪುರದವನು, ಆತುರಗಾರ. "ಏನ್ರಿ ಕಿಟ್ಟಣ್ಣಾರ, ನಾಟಕ ಮುಗೀತೇನ್ರಿ? ಹಾಲ್ ಬುಕ್ ಆಗೇದ್ರಿ. ಮೂರು ವರ್ಷ ಆತು, ಮಂದಿ ನಿಮ್ಮನ್ನ ಮರ್ತ ಬಿಟ್ಟಾರ" ಎನ್ನುತ್ತಿದ್ದ.

ಹತ್ತನೆಯ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ತಿಲಕ್ ಸಿಕ್ಕ. ನಾವಿಬ್ಬರೇ ಇದ್ದೆವು.

"ಕಿಟ್ಟಣ್ಣ, ಹೊಸ ನಾಟಕ ಬರೀತಾ ಇದ್ದೀರಂತೆ? ನನಗೊಂದು ಒಳ್ಳೆ ಪಾರ್ಟು ಇರ್ಲಿ ಮಾರಾಯ್ರೆ."

"ಇದೆ ಬಿಡಪ್ಪ" ಎಂದೆ. ಲಿಫ್ಟು ಎರಡನೆಯ ಮಹಡಿ ದಾಟುತ್ತಿತ್ತು. ನನ್ನ ಬಾಯಿಂದ ಮಾತು ತಾನಾಗಿ ಬಂತು ಅಂತ ನಿಮ್ಮ ಮುಂದೆ ಹೇಳಬಹುದು. ಅದು ಸುಳ್ಳು. ಹೇಳುವ ಮೊದಲು ನಾನು ಅದನ್ನು ಮನಸ್ಸಿನಲ್ಲೇ ಎರಡು ಸಲ ತಿದ್ದಿದ್ದೆ. "ಅಂದ ಹಾಗೆ, ನಿನ್ನೆ ನಿನ್ನ ಹೆಂಡತೀನ ಬಾಂದ್ರಾ ಸ್ಟೇಷನ್‌ನಲ್ಲಿ ನೋಡ್ದೆ. ಯಾರೋ ಹುಡುಗನ ಜೊತೆ ನಗ್ತಾ ನಿಂತಿದ್ಲು. ನಿಮ್ಮ ಕಡೆಯವರಾ?"

ನಾನು ಹಿಂದಿನ ದಿನ ಬಾಂದ್ರಾಕ್ಕೆ ಹೋಗಿರಲಿಲ್ಲ. ಅವಳೂ ಹೋಗಿರಲಿಲ್ಲ. ಬೇರೆಯವರ ಬಾಯಿಂದ ಕದಿಯದೆ, ನಾನೇ ಸ್ವಂತ ಕಟ್ಟಿದ ಸಾಲು ಅದೊಂದೇ.

ತಿಲಕನ ಕುತ್ತಿಗೆಯ ನರ ಉಬ್ಬಿತು. "ಹೌದಾ? ಇರ್ಬೇಕು, ಇರ್ಬೇಕು" ಎಂದು ನಕ್ಕು ಹೊರಟುಹೋದ.

ಅಂದು ಅವನು ಮೂರು ಗಂಟೆಗೂ ಕಾಯಲಿಲ್ಲ. ಎರಡೂ ಹತ್ತಕ್ಕೇ ಬಂದ. ಟೀವಿ ಹಾಕಲಿಲ್ಲ. ಮೊದಲ ಏಟಿಗೇ ಪಾತ್ರೆಗಳ ಸ್ಟ್ಯಾಂಡು ಪೂರ್ತಿ ನೆಲಕ್ಕುರುಳಿತು. ಆಮೇಲೆ ಬೆಲ್ಟಿನ ಸದ್ದು. ಅದೂ ಬಕಲ್ಲಿನ ಕಡೆಯಿಂದ. ಅದು ಬರಿಯ ಚರ್ಮದ ಸದ್ದಲ್ಲ ಅಂತ ನನ್ನ ಕಿವಿಗೆ ಅಷ್ಟರಲ್ಲಿ ಗೊತ್ತಾಗುತ್ತಿತ್ತು.

"ನಾನು ಬಾಂದ್ರಾಕ್ಕೆ ಹೋಗ್ಲಿಲ್ಲ! ದೇವರಾಣೆ ಹೋಗ್ಲಿಲ್ಲ! ಯಾರು ಹೇಳಿದ್ದು? ಕರೀರಿ ಅವರನ್ನ!"

ಧಡ್. ಅವಳ ತಲೆಯೋ ಭುಜವೋ ನನ್ನ ಎದುರಿಗಿನ ಗೋಡೆಗೆ ಬಡಿಯಿತು. ಮತ್ತೆ ಧಡ್.

"ಕಿವಿ! ಕಿವಿಯಿಂದ ರಕ್ತ ಬರ್ತಾ ಉಂಟು! ಎಡಗಿವಿಯಿಂದ ರಕ್ತ!"

ಆಮೇಲೆ ಅವಳು ಗೋಡೆಯನ್ನು ಅಂಗೈಯಿಂದ ಬಡಿದಳು. ಒಂದು, ಎರಡು, ಮೂರು, ನಾಲ್ಕು. ಬಡಿತ ನಿಂತಿತು. ಬೆಲ್ಟಿನ ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಬಾಗಿಲು ಹಾಕಿದ ಸದ್ದು.

ಇಪ್ಪತ್ತು ನಿಮಿಷ ಆ ಮನೆಯಲ್ಲಿ ಉಸಿರಿಲ್ಲ. ಸತ್ತೇಹೋದಳೇನೋ ಅಂದುಕೊಂಡೆ. ಬಾಗಿಲವರೆಗೆ ಹೋದೆ, ಚಿಲಕಕ್ಕೆ ಕೈ ಹಾಕಿದೆ, ವಾಪಸ್ ಬಂದೆ. ಯಾಕೆ ಬಂದೆ? ಹೇಡಿತನ ಅಂತ ನೀವು ಅಂದುಕೊಂಡರೆ ನನಗೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ. ಕೇಳಿದ್ದು ಬರೆಯುವ ಮೊದಲೇ ಮರೆತುಹೋದರೆ ಅಂತ ಬಂದೆ. ಅಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿದಾಗ ಸದ್ಯ ಬದುಕಿದ್ದಾಳೆ ಅಂದುಕೊಂಡು ಹನ್ನೊಂದು ಪುಟ ಒಂದೇ ಉಸಿರಿಗೆ ಬರೆದೆ. ಎರಡನೆಯ ಅಂಕ ಮುಗಿಯಿತು. ಕೊನೆಯಲ್ಲಿ ಕಾಲಂ ತುಂಬಿದೆ. ಹಾನಿಯ ವಿವರ ಅರ್ಧ ಪುಟ ಬಂತು. ಹಾನಿಯ ಕಾರಣದ ಹತ್ತಿರ ಪೆನ್ನು ನಿಂತಿತು. ಖಾಲಿ ಬಿಡಲು ಆಗಲಿಲ್ಲ. ಬರೆದೆ: "ಬೆಳಿಗ್ಗೆ ಲಿಫ್ಟಿನಲ್ಲಿ ನಾನು ತಿಲಕನಿಗೆ ಹೇಳಿದ ಬಾಂದ್ರಾದ ಸುಳ್ಳು."

ಮೂರನೆಯ ಅಂಕ ಹದಿನೈದು ದಿನದಲ್ಲಿ ಮುಗಿಯಿತು. ಗುರುಪಾದ ಅಂಕ ಅಂಕವಾಗಿ ಒಯ್ದು ಟೈಪ್ ಮಾಡಿಸಿದ.

ನಮ್ಮ ಕಲಾವೃಂದದಲ್ಲಿ ಒಂದು ಪದ್ಧತಿ ಇದೆ. ಹೊಸ ನಾಟಕದ ಮೊದಲ ಓದು ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಎಲ್ಲರೂ ಜಮಖಾನೆಯ ಮೇಲೆ ವೃತ್ತವಾಗಿ ಕೂರುತ್ತಾರೆ, ದೀಪ ಹಚ್ಚುತ್ತಾರೆ, ನಿರ್ದೇಶಕ ಅಲ್ಲೇ ಪಾತ್ರ ಹಂಚುತ್ತಾನೆ. ಹಂಚಿದ ಪಾತ್ರವನ್ನು ಅಲ್ಲೇ ಓದಬೇಕು. ಮೊದಲೇ ನೋಡಿಕೊಂಡು ಬರುವಂತಿಲ್ಲ, ಬೇಡ ಅನ್ನುವಂತಿಲ್ಲ. ತಿಲಕ್ ಬರುವುದಿಲ್ಲ ಅಂದುಕೊಂಡಿದ್ದೆ. ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಂಡನ ಪಾತ್ರ ಬೇರೆ ಯಾರಿಗೋ ಹೋಗುತ್ತದೆ, ಸ್ಟೇಜಿನ ಮೇಲೆ ನೋಡಿದಾಗ ಅವನು ಗುರುತಿಸಿದರೂ ಅಷ್ಟು ಜನರ ಮಧ್ಯೆ ಏನು ಮಾಡಿಯಾನು ಅಂತ ನನ್ನ ಲೆಕ್ಕಾಚಾರ.

ಹತ್ತು ಗಂಟೆಗೆ ತಿಲಕ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಳಗೆ ಬಂದ. ರಜೆ ಹಾಕಿದ್ದನಂತೆ.

"ಬರ್ರಿ ಬರ್ರಿ ತಿಲಕ್ ಅವರ! ಗಂಡನ ಪಾರ್ಟ್ ನಿಮಗಽ ರೀ. ಅಗದೀ ನಿಮ್ಮ ಸಲುವಾಗೇ ಬರದಂಗ ಐತಿ" ಎಂದು ಗುರುಪಾದ ನಾಟಕದ ಪ್ರತಿಯನ್ನು ಅವನ ಕೈಗಿತ್ತ.

ಓದು ಶುರುವಾಯಿತು. ತಿಲಕ್ ಮೊದಲ ಪುಟವನ್ನು ಚೆನ್ನಾಗಿ ಓದಿದ. ಎರಡನೆಯದನ್ನು ಇನ್ನೂ ಚೆನ್ನಾಗಿ ಓದಿದ. ಮೂರನೆಯ ಪುಟದಲ್ಲಿ ಗಂಡ ಅಕ್ಕಿ ಡಬ್ಬದ ಮುಚ್ಚಳ ತೆಗೆಯುತ್ತಾನೆ.

"'ನಿನ್ನ ಫೋನು ಎಲ್ಲಿರ್ಬೇಕು ಅಲ್ಲೇ ಇರ್ತದೆ. ಅಕ್ಕಿ ಡಬ್ಬ...'" ಎಂದು ಓದಿ ತಿಲಕ್ ನಿಲ್ಲಿಸಿದ.

ಪಕ್ಕದಲ್ಲಿದ್ದವರು ನೀರಿನ ಬಾಟಲಿ ಕೊಟ್ಟರು. ಅವನು ನಿಧಾನ ಕುಡಿದ. ಹಾಳೆಗಳನ್ನು ತಿರುವಿ ಮುಂದಿನದನ್ನು ಕಣ್ಣಲ್ಲೇ ಓದಿದ. ಮೀನು ಸಾರು, ಬೂಟು, ಬೆಲ್ಟು, ಬಿಸಿ ನೀರು. ಆಮೇಲೆ ತಲೆ ಎತ್ತಿ ನನ್ನತ್ತ ನೋಡಿ ನಕ್ಕ. ಮತ್ತೆ ಮೊದಲಿನಿಂದ ಆ ಸಾಲು ಹಿಡಿದು ಎಂಥ ಓದು ಓದಿದ ಅಂತೀರಿ! ಹೆಂಡತಿಯ ಪಾತ್ರ ಓದುತ್ತಿದ್ದ ಹುಡುಗಿ ನಿಜಕ್ಕೂ ಹಿಂದೆ ಸರಿದು ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಅಂಕ ಮುಗಿಯುತ್ತಲೇ ಅವನು ಎದ್ದ.

"ಸೂಪರ್ ಬರ್ದಿದ್ದೀರಿ ಕಿಟ್ಟಣ್ಣ. ಎಲ್ಲ ಕಣ್ಣಾರೆ ಕಂಡ ಹಾಗೆ ಉಂಟು. ಹೋಟೆಲಿಂದ ಫೋನ್ ಬಂತು, ಸ್ವಲ್ಪ ಹೋಗಿ ಬರ್ತೇನೆ" ಎಂದು ಹೊರಟ. ಅವನಿಗೆ ಯಾವ ಫೋನೂ ಬಂದಿರಲಿಲ್ಲ.

ಲಾವಣ್ಯಾಳೇ ಯಾರಿಗೋ ಹೇಳಿದ್ದಾಳೆ ಅಂದುಕೊಂಡಿದ್ದಾನೆ, ನೇರ ಮನೆಗೇ ಹೋಗುತ್ತಿದ್ದಾನೆ ಅಂತ ನನಗೆ ಆ ಕ್ಷಣವೇ ತಿಳಿಯಿತು. ತಿಳಿದೂ ಏನು ಮಾಡಿದೆ? ಉಪ್ಪಿಟ್ಟಿನ ತಟ್ಟೆ ಕೈಗೆ ಬಂತು. "ಕಿಟ್ಟಣ್ಣ, ಇಷ್ಟು ವರ್ಷದಲ್ಲಿ ಇದೇ ನಿಮ್ಮ ಬೆಸ್ಟ್" ಎಂದು ಒಬ್ಬರು ಕೈ ಕುಲುಕಿದರು. ಗುರುಪಾದ ಅಪ್ಪಿಕೊಂಡು ಕಣ್ಣೀರು ಹಾಕಿದ. ಮೂರು ವರ್ಷದಿಂದ ಇದಕ್ಕೇ ಹಸಿದಿದ್ದವನು ನಾನು. ಹತ್ತು ನಿಮಿಷ ಅಲ್ಲೇ ನಿಂತು ಹೊಗಳಿಕೆ ತಿಂದೆ. ಥೂ ನನ್ನ ಜನ್ಮಕ್ಕೆ! ಆಮೇಲೆ ನೋಟ್‌ಬುಕ್ ಇದ್ದ ಚೀಲ ಎತ್ತಿಕೊಂಡು ಓಡಿದೆ.

ನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಸರಸು ಪಕ್ಕದ ಮನೆಯ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ಭಾನುವಾರವಲ್ಲವೇ, ಅವಳು ಮನೆಯಲ್ಲಿದ್ದಳು. ಎದುರು ಮನೆಯವರು ಬಾಗಿಲು ಓರೆ ಮಾಡಿ ನಿಂತಿದ್ದರು. "ಕೋಯಿ ವಾಚ್‌ಮನ್ ಕೋ ಬುಲಾವೋ! ಪೊಲೀಸ್ ಕೋ ಫೋನ್ ಕರೋ!" ಎಂದು ಅವಳು ಕಿರುಚುತ್ತಿದ್ದಳು. ನನ್ನನ್ನು ನೋಡಿ, "ರೀ, ಕೊಲ್ತಾ ಇದಾನೆ ಅವಳ್ನ! ಒದೀರಿ ಬಾಗಿಲ್ನ!" ಎಂದಳು.

ಒಳಗಿಂದ ತಿಲಕನ ದನಿ ಬರುತ್ತಿತ್ತು. "ಏರೆಡ ಪಂಡ? ಏರೆಡ ಪಂಡ?" ಯಾರಿಗೆ ಹೇಳಿದೆ, ಯಾರಿಗೆ ಹೇಳಿದೆ. ಪ್ರತಿ ಪ್ರಶ್ನೆಗೂ ಒಂದು ಏಟು.

ನಾನು ಒದ್ದೆ. ಅರವತ್ತು ದಾಟಿದ ಕಾಲು, ಬಾಗಿಲು ಜಗ್ಗಲಿಲ್ಲ. ಬಾಗಿಲಿಗೆ ಬಾಯಿಟ್ಟು ಕಿರುಚಿದೆ. "ತಿಲಕಾ! ಅವಳು ಹೇಳ್ಲಿಲ್ಲ ಕಣೋ! ನಾನೇ ಗೋಡೆಗೆ ಕಿವಿಯಿಟ್ಟು ಕೇಳ್ದೆ! ನಾನೇ ಕದ್ದೆ!"

ಒಳಗಿನ ಸದ್ದು ನಿಂತಿತು. ಬಾಗಿಲು ತೆರೆಯಿತು. ಬಿಳಿ ಅಂಗಿಯ ಎದೆಯ ಮೇಲೆ ರಕ್ತದ ಹನಿ, ಕೈಯಲ್ಲಿ ದೊಡ್ಡ ಕುಕ್ಕರಿನ ಮುಚ್ಚಳ. ಅವನ ಹಿಂದೆ ಲಾವಣ್ಯಾ ನಮ್ಮ ಮನೆಯ ಕಡೆಯ ಗೋಡೆಗೆ ಒರಗಿ ಬಿದ್ದಿದ್ದಳು. ಬಾಯಿ, ಕುತ್ತಿಗೆ ಎಲ್ಲ ಕೆಂಪಾಗಿ, ಒಂದು ಕಣ್ಣು ಮುಚ್ಚಿಹೋಗಿತ್ತು. "ಅಪ್ಪೇ" ಎಂದು ತಾಯಿಯನ್ನು ಕರೆಯುತ್ತಿದ್ದಳು.

"ಕದ್ದು ಕೇಳಿ ನಾಟಕ ಬರೀತೀಯಾ ಮುದುಕಾ?" ತಿಲಕ್ ಮುಚ್ಚಳ ಬೀಸಿದ. ತಲೆಗೆ ಬರುತ್ತಿದ್ದುದಕ್ಕೆ ಬಲಗೈ ಅಡ್ಡ ಹಿಡಿದೆ. ಮಣಿಕಟ್ಟಿನಲ್ಲಿ ಕಟ್ ಎಂದಿತು. ಎರಡನೆಯ ಏಟು ಭುಜಕ್ಕೆ, ಮೂರನೆಯದು ಬೆನ್ನಿಗೆ. ನಾನು ಹೊಸ್ತಿಲ ಮೇಲೆ ಬಿದ್ದೆ, ಅವನು ಪಕ್ಕೆಗೆ ಒದೆಯತೊಡಗಿದ. ಇಷ್ಟು ದಿನ ಸದ್ದು ಮಾತ್ರ ಕೇಳಿದ್ದೆ. ಏಟು ತಿನ್ನುವವರಿಗೆ ಆ ಸದ್ದು ಕೇಳಿಸುವುದೇ ಇಲ್ಲ ಅಂತ ಆಗ ಗೊತ್ತಾಯಿತು. ಬರೀ ಉಸಿರು ಸಿಗುವುದಿಲ್ಲ, ಅಷ್ಟೆ.

ಸರಸು ಕಾರಿಡಾರಿನ ಗೋಡೆಯಲ್ಲಿದ್ದ ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಕಿತ್ತುಕೊಂಡು ಬಂದಳು. ದಿನವಿಡೀ ಪುಟ್ಟ ಮಕ್ಕಳ ಮೂಗು ಒರೆಸುವ ಹೆಂಗಸು ಅದನ್ನು ಎತ್ತಿ ತಿಲಕನ ಮಂಡಿಗೆ ಅಪ್ಪಳಿಸಿದಳು. ಮೂಳೆ ಒಡೆದದ್ದು ಎಲ್ಲರಿಗೂ ಕೇಳಿಸಿತು. ಅವನು ಬಿದ್ದ ಮೇಲೆ ಇನ್ನೊಂದು ಮಂಡಿಗೂ ಕೊಟ್ಟಳು. "ಹೊಡಿ ಈಗ! ಎದ್ದು ಹೊಡಿಯೋ ನಾಯಿ!" ಎಂದು ಕೂಗಿದಳು. ಮೂರನೆಯದಕ್ಕೆ ಎತ್ತಿದಾಗ ವಾಚ್‌ಮನ್ ಓಡಿಬಂದು ಅವಳ ಕೈ ಹಿಡಿದ. ಇಲ್ಲವಾದರೆ ತಲೆಗೇ ಹಾಕುತ್ತಿದ್ದಳು.

ಆಸ್ಪತ್ರೆಯಲ್ಲಿ ನನ್ನ ಕೈಗೆ ಪ್ಲಾಸ್ಟರ್, ಲಾವಣ್ಯಾಳಿಗೆ ಹದಿನಾಲ್ಕು ಹೊಲಿಗೆ. ಎಡಗಿವಿಯ ತಮಟೆ ಹಿಂದೆಯೇ ಹರಿದಿದೆ, ಇನ್ನು ಆ ಕಿವಿ ಕೇಳುವುದು ಕಷ್ಟ ಎಂದರು ಡಾಕ್ಟರು. ಸಂಜೆ ಐದಕ್ಕೆ ನಾವು ಮೂವರೂ ಪೊಲೀಸ್ ಠಾಣೆಯ ಬೆಂಚಿನ ಮೇಲಿದ್ದೆವು. ಲಾವಣ್ಯಾ ನನ್ನ ಪಕ್ಕದಲ್ಲಿ ಕೂತಿದ್ದಳು. ಬಾಗಿಲಾಚೆ ನಾನು ಕಿರುಚಿದ್ದು ಅವಳ ಕಿವಿಗೆ ಪೂರ್ತಿ ಬಿದ್ದಿರಲಿಲ್ಲ.

"ಅಂಕಲ್" ಎಂದಳು, ಒಡೆದ ತುಟಿಯಲ್ಲಿ ನಿಧಾನವಾಗಿ. "ನಮ್ಮ ಮನೇಲಿ ಕನ್ನಡ ಇಲ್ಲ, ಎಲ್ಲ ತುಳುವೇ. ನಿಮಗೆ ತುಳು ಬರ್ಲಿಕ್ಕಿಲ್ಲ ಅಂತ ನಾನು ಕನ್ನಡದಲ್ಲಿ ಕೂಗ್ತಿದ್ದೆ. ಮಧ್ಯಾಹ್ನ ನೀವೊಬ್ರೇ ಅಲ್ವಾ ಮನೇಲಿರೋದು. ಫೋನ್ ಅಕ್ಕಿಯೊಳಗೆ ಉಂಟು, ನನಗೆ ಯಾರನ್ನೂ ಕರೀಲಿಕ್ಕೆ ಆಗುದಿಲ್ಲ ಅಂತ ನಿಮಗೇ ಹೇಳಿದ್ದು. ಕೇಳುದಿಲ್ವೇನೋ ಅಂದ್ಕೊಂಡಿದ್ದೆ. ಇವತ್ತು ಬಂದ್ರಲ್ಲ. ನಿಮ್ಮ ಉಪಕಾರ ಮರೀಲಿಕ್ಕಿಲ್ಲ ನಾನು." ಪ್ಲಾಸ್ಟರಿನಿಂದ ಹೊರಗಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡಳು.

ಆ ಮಾತಿಗಿಂತ ಕುಕ್ಕರಿನ ಮುಚ್ಚಳ ಎಷ್ಟೋ ವಾಸಿಯಾಗಿತ್ತು.

ಇನ್‌ಸ್ಪೆಕ್ಟರ್ ಮೇಡಂ ಮರಾಠಿಯವರು, ಕಟ್ಟುನಿಟ್ಟಿನ ಹೆಂಗಸು. ಒಳಗೆ ಕರೆದು ಇದ್ದದ್ದನ್ನು ಹಿಂದಿಯಲ್ಲಿ ಹೇಳಿದರು. ತಿಲಕ್ ಆಸ್ಪತ್ರೆಯಿಂದಲೇ ಹೇಳಿಕೆ ಕೊಟ್ಟಿದ್ದಾನಂತೆ. ಇದು ಮೊದಲ ಸಲ, ಸಿಟ್ಟಿನಲ್ಲಿ ಕೈ ಎತ್ತಿದೆ, ನನ್ನ ಮಂಡಿ ಒಡೆದಿದ್ದಾರೆ, ಅವರ ಮೇಲೆ ಕೇಸ್ ಹಾಕಿ ಅಂತ. "ಹಿಂದೆಯೂ ಹೊಡೆದದ್ದಕ್ಕೆ ತಾರೀಖು ಬೇಕು, ಸಾಕ್ಷಿ ಬೇಕು. ಇಲ್ಲದಿದ್ದರೆ ಜಾಮೀನಿನ ಮೇಲೆ ಹೊರಗೆ ಬಂದು ಇವಳನ್ನು ಮತ್ತೆ ಅದೇ ಮನೆಗೆ ಎಳೆದುಕೊಂಡು ಹೋಗುತ್ತಾನೆ" ಎಂದರು. ಲಾವಣ್ಯಾಳಿಗೆ ಒಂದು ತಾರೀಖೂ ನೆನಪಿರಲಿಲ್ಲ. "ಎಷ್ಟೋ ಸಲ ಮೇಡಂ, ಎಷ್ಟೋ ಸಲ" ಎಂದು ಅಳತೊಡಗಿದಳು.

ತಾರೀಖುಗಳೆಲ್ಲ ನನ್ನ ಚೀಲದಲ್ಲಿದ್ದವು. ಒಂದೂ ಬಿಡದೆ, ವೇಳೆ ಸಹಿತ.

ನಾನು ಬಾತ್‌ರೂಮಿಗೆ ಹೋಗಬೇಕು ಎಂದೆ. ಚೀಲದೊಡನೆ ಒಳಗೆ ಹೋಗಿ ಬೋಲ್ಟು ಹಾಕಿ, ನೋಟ್‌ಬುಕ್ಕನ್ನು ಮಂಡಿಯ ಮೇಲಿಟ್ಟು ಬಾಂದ್ರಾದ ಆ ಪುಟ ತೆಗೆದೆ. ಎಡಗೈಯಲ್ಲಿ ಹಿಡಿದು, ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿದೆ. ಒಂದು ಎಳೆತ ಸಾಕಿತ್ತು. ಮಿಕ್ಕ ಪುಟ ಓದಿದವರಿಗೆ ನಾನು ಬರೀ ಹೆದರಿದ ಮುದುಕ. ಈ ಒಂದು ಪುಟ ಓದಿದವರಿಗೆ ನಾನು ಏನು ಅನ್ನುವುದಕ್ಕೆ ನನಗೇ ಪದ ಸಿಗಲಿಲ್ಲ. ಆದರೆ ಅದೇ ಪುಟದಲ್ಲಿ ಬಕಲ್ಲಿತ್ತು, ಗೋಡೆಗೆ ಬಡಿದ ತಲೆಯಿತ್ತು, ಎಡಗಿವಿಯ ರಕ್ತವಿತ್ತು. ಡಾಕ್ಟರು ಹಿಂದೆಯೇ ಹರಿದಿದೆ ಎಂದದ್ದಕ್ಕೆ ತಾರೀಖು ಅಲ್ಲಿ ಮಾತ್ರ ಇತ್ತು. ಅದನ್ನು ಹರಿದರೆ ಕೇಸಿನ ಬೆನ್ನೆಲುಬೇ ಹರಿದಂತೆ. ಎಷ್ಟು ಹೊತ್ತು ಹಾಗೆ ಕಾಗದ ಕಚ್ಚಿಕೊಂಡು ಕೂತಿದ್ದೆನೋ ಗೊತ್ತಿಲ್ಲ. ಯಾರೋ ಬಾಗಿಲು ಬಡಿದರು. ಬಾಯಿ ಬಿಟ್ಟೆ, ಎಂಜಲು ಒರೆಸಿದೆ, ಹೊರಗೆ ಬಂದು ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟೆ.

ಮೇಡಂಗೆ ಕನ್ನಡ ಬಾರದು. ನಾನು ಬಾಯಿ ತೆರೆಯುವ ಮೊದಲೇ ಸರಸು, "ನಾನು ಓದ್ತೀನಿ, ನಂಗೆ ಮರಾಠಿ ಬರುತ್ತೆ" ಎಂದು ಕನ್ನಡಕ ಹಾಕಿಕೊಂಡಳು. ತಾರೀಖು, ವೇಳೆ, ಕಾರಣ, ವಿವರ. ಒಂದೊಂದೇ ಸಾಲು ಮರಾಠಿಯಲ್ಲಿ ಹೇಳುತ್ತ ಹೋದಳು. ಮೇಡಂ ಬರೆದುಕೊಂಡರು. ನಾಲ್ಕನೆಯ ನಮೂದಿನ ಹೊತ್ತಿಗೆ ಸರಸುವಿನ ದನಿ ತಗ್ಗಿತು. ಹತ್ತನೆಯದಕ್ಕೆ ಅವಳು ನನ್ನ ಕಡೆ ನೋಡುವುದನ್ನು ಬಿಟ್ಟಿದ್ದಳು.

"ಇಷ್ಟೆಲ್ಲ ಕೇಳುತ್ತ ನೀವು ಏನು ಮಾಡುತ್ತಿದ್ದಿರಿ?" ಎಂದು ಮೇಡಂ ನನ್ನನ್ನು ಕೇಳಿದರು.

"ಬರೆಯುತ್ತಿದ್ದೆ" ಎಂದೆ.

ಅವರು ಅದನ್ನೂ ಬರೆದುಕೊಂಡು, "ಪುಢೇ?" ಎಂದರು. ಮುಂದೆ?

ಸರಸು ಪುಟ ತಿರುವಿದಳು. ತಾರೀಖು ಓದಿದಳು, ವೇಳೆ ಓದಿದಳು. ಮೂರನೆಯ ಕಾಲಂ ಮೇಲೆ ಅವಳ ಬೆರಳು ನಿಂತಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ.

"ಇದು ನಿಜಾನಾ?"

"ಹೂಂ."

ಅವಳು ಮೇಡಂ ಕಡೆ ತಿರುಗಿ, ಒಂದಕ್ಷರ ತಗ್ಗಿಸದೆ, ಆ ಸಾಲನ್ನು ಮರಾಠಿಯಲ್ಲಿ ಹೇಳಿದಳು. ನನ್ನ ಬಲಗಡೆ ಕೂತಿದ್ದ ಲಾವಣ್ಯಾ ಹತ್ತಿ ತುಂಬಿದ ಕಿವಿಯನ್ನು ಮುಟ್ಟಿಕೊಂಡು ಮುಂದೆ ಬಾಗಿದಳು.

"ಆಂಟಿ, ಈ ಬದಿಗೆ ಕೇಳುದಿಲ್ಲ ನನಗೆ, ಮರಾಠಿಯೂ ಅಷ್ಟು ಬರುದಿಲ್ಲ. ಬಾಂದ್ರಾ ಅಂದ್ರಲ್ಲ, ಎಂತ ಅದು? ಅವತ್ತು ನನ್ನ ಗಂಡನಿಗೆ ಹೇಳಿದ್ದು ಯಾರೂಂತ ಬರ್ದಿದ್ದಾರಾ?"

ಸರಸು ನೋಟ್‌ಬುಕ್ಕನ್ನು ನನ್ನ ಮುಂದೆ ನೂಕಿದಳು. "ನೀವೇ ಓದಿ ಹೇಳಿ ಅವಳಿಗೆ."

ನಾನು ಎದ್ದು ಲಾವಣ್ಯಾಳ ಬಲಗಿವಿಯ ಕಡೆಗೆ ಹೋಗಿ ನಿಂತು, ಅವಳಿಗೆ ಕೇಳುವಷ್ಟು ಜೋರಾಗಿ, ಓದಿದೆ.